ಸ್ವಿಫ್ಟ್‌ಗೆ ಬ್ರೇಕ್ ಡಕ್ಟ್: ಆನ್‌ಲೈನ್ ಕಿಟ್‌ಗೆ ದುಡ್ಡು ದಂಡ, ಗೋಣಿಕೊಪ್ಪದ ಕೆಲಸ ಚೆನ್ನ

ಮೊದಲೇ ಹೇಳಿಬಿಡುತ್ತೇನೆ, ನೀವು ಗಾಡಿಯನ್ನು ರೇಸ್ ಟ್ರ್ಯಾಕಿಗೆ ಒಯ್ಯುವವರಲ್ಲ ಅಂದರೆ ಬ್ರೇಕ್ ಡಕ್ಟ್‌ಗೆ, ಅಂದರೆ ಗಾಡಿಯ ಮುಂದಿನಿಂದ ಗಾಳಿ ಒಯ್ದು ಬ್ರೇಕ್ ಡಿಸ್ಕ್ ತಣಿಸುವ ಪೈಪಿಗೆ, ಒಂದು ರೂಪಾಯಿಯನ್ನೂ ಹಾಕಬೇಡಿ. ಮಡಿಕೇರಿಯಿಂದ ಸಂಪಾಜೆ ಕಡೆ ಘಾಟಿ ಇಳಿಯುವಾಗ ಬ್ರೇಕ್ ಸುಟ್ಟ ವಾಸನೆ ಬರುತ್ತದೆ, ಡಕ್ಟ್ ಹಾಕಿಸಿದರೆ ಸರಿಹೋಗುತ್ತಾ ಅಂತ ಈಗಾಗಲೇ ಇಬ್ಬರು ಕೇಳಿದ್ದಾರೆ. ಹೋಗುವುದಿಲ್ಲ. ಡಕ್ಟ್ ಒಳಗೆ ಗಾಳಿ ನುಗ್ಗುವುದು ಗಾಡಿಯ ವೇಗದಿಂದ. 120ರಲ್ಲಿ ಸಿಗುವ ಗಾಳಿಯ ಒತ್ತಡದಲ್ಲಿ ಒಂಬತ್ತನೇ ಒಂದು ಪಾಲು ಮಾತ್ರ 40ರಲ್ಲಿ ಸಿಗುತ್ತದೆ. ಘಾಟಿಯಲ್ಲಿ ಎರಡನೇ ಗೇರಿಗೆ ಹಾಕಿ ಇಳಿಯಿರಿ, ಅದು ಪುಕ್ಕಟೆ.

ನನ್ನದು ಹಳೇ ಪೆಟ್ರೋಲ್ ಸ್ವಿಫ್ಟ್. ಮುಂದೆ ವೆಂಟಿಲೇಟೆಡ್ ಡಿಸ್ಕ್, ಹಿಂದೆ ಡ್ರಮ್. ಭತ್ತದ ಕೊಯ್ಲು ಮುಗಿದ ಮೇಲೆ ನಮ್ಮ ಕಡೆ ಗದ್ದೆಯಲ್ಲಿ ಆಟೋಕ್ರಾಸ್ ಅಂತ ಕಾರು ರೇಸ್ ನಡೆಯುತ್ತದಲ್ಲ, ಅದರಲ್ಲಿ ಓಡಿಸಿ ಓಡಿಸಿ ನನಗೆ ಎಲ್ಲ ಗೊತ್ತು ಅಂದುಕೊಂಡಿದ್ದೆ. ಮಣ್ಣಿನಲ್ಲಿ ಟೈರೇ ಕಚ್ಚುವುದಿಲ್ಲ, ಬ್ರೇಕ್ ಎಲ್ಲಿ ಕಾಯಬೇಕು? ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಹೋದ ಮೊದಲ ಸಲ ಬುದ್ಧಿ ಬಂತು. ಸುಮಾರು 2.1 ಕಿ.ಮೀ. ಟ್ರ್ಯಾಕ್, ತಿರುವಿನ ಮೇಲೆ ತಿರುವು, ಡಿಸ್ಕಿಗೆ ಆರಲು ಪುರುಸೊತ್ತೇ ಇಲ್ಲ. ಐದನೇ ಲ್ಯಾಪಿನಲ್ಲಿ ಪೆಡಲ್ ಹತ್ತಿ ದಿಂಬು ಅದುಮಿದ ಹಾಗೆ ಮೆತ್ತಗೆ ಒಳಗೆ ಹೋಯಿತು. ಜೀವ ಬಾಯಿಗೆ ಬಂತು ಮಾರಾಯ್ರೆ.

ಅದು ಗಾಡಿಯ ತಪ್ಪಲ್ಲ, ನನ್ನದು. ಮೂರು ವರ್ಷದಿಂದ ಬ್ರೇಕ್ ಆಯಿಲ್ ಬದಲಿಸಿರಲಿಲ್ಲ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕುದಿಯಲು ಕಡಿಮೆ ಅಂದರೂ 230 ಡಿಗ್ರಿ ಬೇಕು. ತೇವ ಕುಡಿದ ಮೇಲೆ ಅದು 155ರ ತನಕ ಇಳಿಯಬಹುದು. ಮಳೆಗಾಲದಲ್ಲಿ ಕಪಾಟಿನೊಳಗಿನ ಚಪ್ಪಲಿಗೂ ಬೂಷ್ಟು ಹಿಡಿಯುವ ಊರು ನಮ್ಮದು, ಆಯಿಲ್ ಮಾತ್ರ ಒಣಗಿರುತ್ತಾ? ಒಂದು ಗುರುತು ನೆನಪಿಡಿ: ಪೆಡಲ್ ಮೆತ್ತಗಾದರೆ ಆಯಿಲ್ ಕುದಿದಿದೆ, ಪೆಡಲ್ ಕಲ್ಲಿನ ಹಾಗಿದ್ದೂ ಗಾಡಿ ನಿಲ್ಲದಿದ್ದರೆ ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡ್ ಸೋತಿದೆ. ಎರಡನ್ನೂ ಬದಲಿಸಿದ ಮೇಲೆಯೇ ಡಕ್ಟ್ ಮಾತು.

ಹಾಗೆ ಬದಲಿಸಿ, ಆನ್‌ಲೈನಿನಲ್ಲಿ ಒಂದು 'ರೇಸಿಂಗ್' ಕಿಟ್ ತರಿಸಿದೆ. ಯಾರದ್ದು ಅಂತ ಹೇಳುವುದಿಲ್ಲ. ಅಡುಗೆಮನೆ ಚಿಮಣಿಯ ಹಿಂದೆ ಇರುತ್ತದಲ್ಲ, ಅಂಥದ್ದೇ ಪೈಪಿಗೆ ಕಪ್ಪು ಬಣ್ಣ. ಕ್ಲಾಂಪ್ ಕೂರಲಿಲ್ಲ, ಗಾಳಿ ಹೋಗಿ ಬಡಿಯುತ್ತಿದ್ದದ್ದು ಡಿಸ್ಕಿಗಲ್ಲ, ಪ್ಯಾಡ್ ಕೂರುವ ಕ್ಯಾಲಿಪರ್‌ಗೆ. ಒಂದೇ ಸೆಷನ್‌ಗೆ ಪೈಪಿನ ತುದಿ ಸುಟ್ಟು ಮುದುಡಿತು. ದುಡ್ಡು ವಾಪಸ್ ಕೇಳಿದರೆ 'ರೇಸಿಂಗ್‌ಗೆ ಬಳಸಿದರೆ ವಾರಂಟಿ ಇಲ್ಲ' ಅಂದರು!

ಆಮೇಲೆ ಹೋದದ್ದು ಗೋಣಿಕೊಪ್ಪದ ಒಂದು ಚಿಕ್ಕ ವರ್ಕ್‌ಶಾಪಿಗೆ. ಅಲ್ಲಿ ಜಾಸ್ತಿ ಬರುವುದು ತೋಟದ ಜೀಪು, ಪಿಕಪ್. ಮೆಕ್ಯಾನಿಕ್ ಅಣ್ಣ ಕಿಟ್ ನೋಡಿ ನಕ್ಕು ಒಂದೇ ಮಾತು ಹೇಳಿದರು, 'ಡಿಸ್ಕ್ ಮುಖಕ್ಕೆ ಊದಿದ್ರೆ ಆಗಲ್ಲ, ಹೊಕ್ಕುಳಿಗೆ ಊದಬೇಕು.' ವೆಂಟಿಲೇಟೆಡ್ ಡಿಸ್ಕ್ ಅಂದರೆ ಎರಡು ತಟ್ಟೆ, ನಡುವೆ ರೆಕ್ಕೆಗಳು. ತಿರುಗುವಾಗ ಅದೇ ಫ್ಯಾನ್ ಆಗಿ ನಡುವಿನಿಂದ ಗಾಳಿ ಎಳೆದು ಅಂಚಿನಿಂದ ಹೊರಗೆ ಎಸೆಯುತ್ತದೆ. ಆ ನಡುವಿಗೇ ಗಾಳಿ ಕೊಟ್ಟರೆ ಎರಡು ತಟ್ಟೆಯೂ ಒಟ್ಟಿಗೆ ತಣಿಯುತ್ತವೆ. ಒಳಮುಖಕ್ಕೆ ಮಾತ್ರ ಊದಿದರೆ ಒಂದು ಕಡೆ ತಂಪು ಇನ್ನೊಂದು ಕಡೆ ಬಿಸಿಯಾಗಿ ಡಿಸ್ಕ್ ಸೊಟ್ಟಗಾಗಬಹುದು.

ಡಿಸ್ಕಿನ ಹಿಂದಿರುವ ತಗಡನ್ನು ಅವರು ಬಿಸಾಡಲಿಲ್ಲ. ಹಬ್, ಅಂದರೆ ಚಕ್ರದ ನಡುಭಾಗದ ಹತ್ತಿರ ಅದನ್ನು ಕೊರೆದು ಹೋಸ್ ಕೂರಲು ಒಂದು ಬಾಯಿ ಬೆಸುಗೆ ಹಾಕಿದರು. ಸಿಲಿಕೋನ್ ಲೇಪದ ಗ್ಲಾಸ್ ಫೈಬರ್ ಹೋಸ್, ಎರಡೂವರೆ ಇಂಚು. ನಾನು ಮೂರು ಇಂಚು ಬೇಕೆಂದು ಹಟ ಹಿಡಿದಿದ್ದೆ, ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಟೈರ್ ಎಲ್ಲಿ ತಾಗುತ್ತದೆ ಅಂತ ತೋರಿಸಿದ ಮೇಲೆ ಸುಮ್ಮನಾದೆ. ನನ್ನ ಗಾಡಿಯಲ್ಲಿ ಫಾಗ್ ಲ್ಯಾಂಪ್ ಇಲ್ಲ, ಬರೀ ಪ್ಲಾಸ್ಟಿಕ್ ಮುಚ್ಚಳ. ಅದನ್ನು ಕತ್ತರಿಸಿ ಗಾಳಿ ಹಿಡಿಯಲು ಕೂರಿಸಿದ್ದು ಏನು ಗೊತ್ತಾ? ತೋಟದಲ್ಲಿ ಡೀಸೆಲ್ ಸುರಿಯುವ ಆಲಿಕೆ! ನೋಡಲು ಚಂದವೇನಿಲ್ಲ, ಕೆಲಸ ಮಾಡುತ್ತದೆ. ಸಾಮಾನು, ಕೂಲಿ ಸೇರಿ 10,300 ಆಯಿತು. ಎರಡು ದಿನ ಅಂದವರು ಐದು ದಿನ ಮಾಡಿದರು, ಫೋನೂ ಎತ್ತಲಿಲ್ಲ. ಕಾಫಿ ಕುಯ್ಲಿನ ಸಮಯ, ಜೀಪಿನವರದ್ದೇ ಮೊದಲ ಪಾಳಿ.

ಪರೀಕ್ಷೆಗೆ ಮತ್ತೆ ಕರಿಗೆ ಹೋದೆ. ಒಂದು ಸೆಷನ್ ಡಕ್ಟ್ ಬಾಯಿಗೆ ಟೇಪ್ ಅಂಟಿಸಿ ಆರು ಲ್ಯಾಪ್, ಗಾಡಿ ಪೂರ್ತಿ ಆರಿದ ಮೇಲೆ ಟೇಪ್ ಕಿತ್ತು ಮತ್ತೆ ಆರು. ಪಿಟ್‌ಗೆ ಬಂದ ಕೂಡಲೇ ಡಿಸ್ಕಿನ ಬಿಸಿಯನ್ನು ಇನ್ಫ್ರಾರೆಡ್ ಗನ್ನಿನಲ್ಲಿ ನೋಡಿದರೆ ಮೊದಲು 390 ಡಿಗ್ರಿ ಆಸುಪಾಸು, ಆಮೇಲೆ 320. ಹೊಳೆಯುವ ಲೋಹದ ಮೇಲೆ ಆ ಗನ್ ಕಡಿಮೆಯೇ ತೋರಿಸುತ್ತದೆ, ಹಾಗಾಗಿ ಅಂಕಿ ನಂಬಬೇಡಿ, ವ್ಯತ್ಯಾಸ ನಂಬಿ. ನನಗೆ ಅದಕ್ಕಿಂತ ಮುಖ್ಯವಾದದ್ದು ಪೆಡಲ್. ಆರನೇ ಲ್ಯಾಪಿನಲ್ಲೂ ಮೊದಲನೆಯದರಷ್ಟೇ ಎತ್ತರದಲ್ಲಿ ಕಚ್ಚುತ್ತಿತ್ತು.

ತೊಂದರೆ ಇಲ್ಲವೆಂದಲ್ಲ. ಎಡಗಡೆ ಹೋಸ್ ಟೈರಿಗೆ ಸವರಿತ್ತು, ಕೇಬಲ್ ಟೈ ಹಾಕಿ ಪುಕ್ಕಟೆ ಸರಿ ಮಾಡಿಕೊಟ್ಟರು. ಇನ್ನು ಮಳೆ. ಡಕ್ಟ್‌ಗೆ ಗಾಳಿ ಯಾವುದು, ಕೆಸರು ಯಾವುದು ಅಂತ ಗೊತ್ತಾಗುವುದಿಲ್ಲ. ಜುಲೈನಲ್ಲಿ ಒಂದು ವಾರ ಮುಚ್ಚದೆ ಪೊನ್ನಂಪೇಟೆ ಕಡೆ ಓಡಾಡಿದೆ. ಬ್ರೇಕ್ ಕಿರ್ ಅಂತ ಕಿರುಚಲು ಶುರುವಾಯಿತು, ಬಿಚ್ಚಿದರೆ ಮರಳು, ಎರಡು ಕೊಳೆತ ಕಾಫಿ ಎಲೆ. ಮೆಶ್ ಹಾಕಿದರೆ ಎಲೆ ನಿಲ್ಲುತ್ತದೆ, ಜೊತೆಗೆ ಗಾಳಿಯೂ ಕಡಿಮೆಯಾಗುತ್ತದೆ. ಅದಕ್ಕೇ ಎರಡು ಸ್ಕ್ರೂನಲ್ಲಿ ಬಿಚ್ಚುವ ಮುಚ್ಚಳ ಮಾಡಿಸಿಕೊಂಡೆ. ಈಗ ಕೊಯಮತ್ತೂರಿಗೆ ಹೋಗುವಾಗಲೂ ದಿಂಬಂ ಘಾಟಿಯ 27 ತಿರುವನ್ನು ಮುಚ್ಚಳ ಹಾಕಿಕೊಂಡೇ, ಗೇರಿನಲ್ಲೇ ಇಳಿಯುತ್ತೇನೆ. ಸ್ಕ್ರೂಡ್ರೈವರ್ ಹೊರಗೆ ಬರುವುದು ಟ್ರ್ಯಾಕ್ ಗೇಟ್ ದಾಟಿದ ಮೇಲೆ.