ಜಪಾನಿನ ಎರಡು ಆಸ್ಥಾನಗಳು: ಒಂದು ಆಡಿಯೊ ಉಪನ್ಯಾಸ ಮಾಲೆಯ ವಿಮರ್ಶೆ

ಜಪಾನಿನ ಉತ್ತರ ಮತ್ತು ದಕ್ಷಿಣ ಆಸ್ಥಾನಗಳ ಕಲಹವನ್ನು (1336–1392) ಕುರಿತ ಕನ್ನಡ ಉಪನ್ಯಾಸ ಮಾಲೆಯೊಂದಕ್ಕೆ ಹಣ ಕಟ್ಟಿ, ಶಿರಸಿ–ಕುಮಟಾ ಬಸ್ಸಿನಲ್ಲಿ ಓಡಾಡುತ್ತ ಒಂದು ವಾರದಲ್ಲಿ ಕೇಳಿ ಮುಗಿಸಿದೆ. ದೇವಿಮನೆ ಘಟ್ಟದಲ್ಲಿ ನೆಟ್‌ವರ್ಕ್ ನಂಬುವಂತಿಲ್ಲವಾದ್ದರಿಂದ, ಮೊದಲೇ ಡೌನ್‌ಲೋಡ್ ಮಾಡಿಕೊಳ್ಳುವ ಅವಕಾಶವಿದ್ದುದು ಅನುಕೂಲವಾಯಿತು.

ಮಾಲೆಯ ಸತ್ವವೆಲ್ಲ ಆರಂಭದಲ್ಲಿದೆ. ಗೊ-ಸಾಗ ಚಕ್ರವರ್ತಿಯ ಇಬ್ಬರು ಮಕ್ಕಳ ವಂಶಗಳು ಪಟ್ಟಕ್ಕಾಗಿ ಜಗಳಕ್ಕಿಳಿದಾಗ, ಎರಡೂ ಮನೆಯವರು ಸರದಿಯಂತೆ ಆಳಲಿ ಎಂದು ಕಾಮಾಕುರದ ಷೋಗನ್ (ಸೇನಾಧಿಪತಿ) ಸರ್ಕಾರ ಏರ್ಪಾಡು ಮಾಡಿತು. ದೇವಸ್ಥಾನದ ಪೂಜೆಯ ಸರದಿಗಾಗಿ ದಾಯಾದಿಗಳು ಕೋರ್ಟಿನ ಮೆಟ್ಟಿಲು ಹತ್ತಿದ್ದನ್ನು ಕಂಡಿರುವ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸರದಿಯನ್ನು ಒಪ್ಪದ ಚಕ್ರವರ್ತಿ ಗೊ-ದೈಗೊ 1333ರಲ್ಲಿ ಓಕಿ ದ್ವೀಪದ ಗಡೀಪಾರಿನಿಂದ ತಪ್ಪಿಸಿಕೊಂಡು ಬಂದು ಸ್ವತಃ ಆಳಲು ಹೊರಟದ್ದು, ಅವನ ಪಕ್ಷಕ್ಕೆ ಬಂದಿದ್ದ ಸೇನಾನಿ ಅಶಿಕಾಗ ತಕಾವುಜಿಯೇ ತಿರುಗಿಬಿದ್ದು 1336ರಲ್ಲಿ ಕ್ಯೋಟೊದಲ್ಲಿ ಇನ್ನೊಂದು ಮನೆಯ ಕೋಮ್ಯೊನನ್ನು ಪಟ್ಟಕ್ಕೇರಿಸಿದ್ದು (ಇದೇ ಉತ್ತರದ ಆಸ್ಥಾನ), ಗೊ-ದೈಗೊ ಯೋಶಿನೊ ಬೆಟ್ಟಗಳನ್ನು ಸೇರಿ ಅಲ್ಲಿ ದಕ್ಷಿಣದ ಆಸ್ಥಾನ ಹೂಡಿ, ತಾನು ಒಪ್ಪಿಸಿದ್ದ ರಾಜಲಾಂಛನಗಳು ನಕಲಿಯೆಂದು ಸಾರಿದ್ದು, ಇವೆಲ್ಲ ಎಳೆತಪ್ಪದೆ ಬಂದಿವೆ.

ಆದರೆ ನಿರೂಪಕರು 'ಗೊ' ಎಂಬುದನ್ನು ಮನೆತನದ ಹೆಸರೆಂಬಂತೆ ಉಚ್ಚರಿಸುತ್ತಾರೆ. ಅದರ ಅರ್ಥ 'ನಂತರದ' ಎಂದು. ಹತ್ತನೆಯ ಶತಮಾನದ ದೈಗೊ ಚಕ್ರವರ್ತಿಯ ಹೆಸರನ್ನೇ ಗೊ-ದೈಗೊ ಇಟ್ಟುಕೊಂಡದ್ದರಿಂದ, ಇಮ್ಮಡಿ ದೈಗೊ ಎಂದಿದ್ದರೆ ಕನ್ನಡಿಗರಿಗೆ ತಟ್ಟನೆ ತಿಳಿಯುತ್ತಿತ್ತು.

ಗೊ-ದೈಗೊನ ನಿಷ್ಠಾವಂತ ಸೇನಾನಿ ಕುಸುನೊಕಿ ಮಸಾಶಿಗೆ ಮಿನಾತೊಗಾವ ಯುದ್ಧದಲ್ಲಿ ಮಡಿದ ಪ್ರಸಂಗಕ್ಕೆ ಚಂಡೆಯ ಅಬ್ಬರದೊಡನೆ ಇಡೀ ಒಂದು ಸಂಚಿಕೆಯನ್ನೇ ಮೀಸಲಿಟ್ಟವರು, ತಕಾವುಜಿಗೂ ಅವನ ತಮ್ಮ ತದಾಯೊಶಿಗೂ 1350ರ ಸುಮಾರಿಗೆ ಹತ್ತಿದ ಜಗಳವನ್ನು ಎರಡು ಮಾತಿನಲ್ಲಿ ಮುಗಿಸಿರುವುದು ನನಗೆ ಒಪ್ಪಿಗೆಯಾಗಲಿಲ್ಲ. ಮೊದಲು ತಮ್ಮ, ಆಮೇಲೆ ಅಣ್ಣ, ಇಬ್ಬರೂ ಬೇಕೆಂದಾಗ ದಕ್ಷಿಣದ ಆಸ್ಥಾನಕ್ಕೆ ಶರಣೆಂದದ್ದನ್ನು ಹೇಳದೆ ಹೋದರೆ, ಅಷ್ಟು ದುರ್ಬಲವಾದ ಆಸ್ಥಾನ ಐವತ್ತಾರು ವರ್ಷ ಉಳಿದದ್ದು ಹೇಗೆಂಬುದು ತಿಳಿಯುವುದಿಲ್ಲ.

1392ರಲ್ಲಿ ತಕಾವುಜಿಯ ಮೊಮ್ಮಗ ಅಶಿಕಾಗ ಯೋಶಿಮಿತ್ಸು ಮತ್ತೆ ಸರದಿಯ ಮಾತು ಕೊಟ್ಟು ದಕ್ಷಿಣದ ಗೊ-ಕಾಮೆಯಾಮನಿಂದ ಲಾಂಛನಗಳನ್ನು ಉತ್ತರದ ಗೊ-ಕೊಮತ್ಸುವಿಗೆ ಕೊಡಿಸಿದ. ದಕ್ಷಿಣದವರ ಸರದಿ ಮಾತ್ರ ಬರಲೇ ಇಲ್ಲ. 1911ರಲ್ಲಿ ದಕ್ಷಿಣದ ಆಸ್ಥಾನವೇ ನ್ಯಾಯಬದ್ಧವೆಂದು ಸರ್ಕಾರ ತೀರ್ಮಾನಿಸಿದಾಗ ಸಿಂಹಾಸನದಲ್ಲಿದ್ದವರು ಉತ್ತರದ ವಂಶದವರೇ ಆಗಿದ್ದರೆಂಬ ಸ್ವಾರಸ್ಯವನ್ನು ಕೊನೆಯ ಸಂಚಿಕೆ ಚೆನ್ನಾಗಿ ಹಿಡಿದಿದೆ.

ಜೊತೆಯಲ್ಲಿ ವಂಶವೃಕ್ಷದ ಒಂದು ಹಾಳೆಯನ್ನೂ ಕೊಟ್ಟಿಲ್ಲ. ಮೂರನೆಯ ದಿನದಿಂದ ನಾನು ನೋಟ್‌ಬುಕ್ಕಿನಲ್ಲಿ ಗೀಟೆಳೆದುಕೊಂಡೇ ಕೇಳಬೇಕಾಯಿತು. ಘಟ್ಟದ ತಿರುವುಗಳಲ್ಲಿ ಎಳೆದ ಗೀಟುಗಳಲ್ಲಿ ಯಾರು ಯಾರ ಮಗನೆಂಬುದು ನನಗೇ ಓದಲಾಗುತ್ತಿಲ್ಲ.