ಪ್ರೊಕ್ರಿಯೇಟ್: ಕ್ಲೈಂಟ್ ಇಣುಕದ ಕ್ಯಾನ್ವಾಸ್

ದಿನವಿಡೀ ಇಲಸ್ಟ್ರೇಟರ್‌ನಲ್ಲಿ ಲೋಗೋ ತಿದ್ದಿದ ಕೈ, ಸಂಜೆ ಅದೇ ಸಾಫ್ಟ್‌ವೇರ್ ತೆರೆದು ತನಗಾಗಿ ಚಿತ್ರ ಬರೆಯಲು ಕೂತರೂ ಮೊದಲು ಗ್ರಿಡ್ಡನ್ನೇ ಎಳೆಯುತ್ತದೆ. ಪಕ್ಕದ ಟ್ಯಾಬ್‌ನಲ್ಲಿ ಕ್ಲೈಂಟ್‌ನ ಫೈಲು ತೆರೆದೇ ಇರುತ್ತದೆ. ‘ಇನ್ನೊಂದೇ ಒಂದು ಸಣ್ಣ ಬದಲಾವಣೆ’ ಎಂಬ ಮೇಲ್ ಬಂತೆಂದರೆ ಆ ಸಂಜೆ ಅಲ್ಲಿಗೆ ಮುಗಿಯಿತು. ಫ್ರೀಲಾನ್ಸ್ ಡಿಸೈನರ್ ತನ್ನ ಸ್ವಂತ ಕೆಲಸಕ್ಕೆ ಬೇರೆ ಉಪಕರಣ ಇಟ್ಟುಕೊಳ್ಳುವುದು ಇದಕ್ಕೆ ಸುಲಭದ ಮದ್ದು. ಆ ಜಾಗಕ್ಕೆ ಐಪ್ಯಾಡ್‌ನಲ್ಲಿ ಚಿತ್ರ ಬರೆಯುವ ಆ್ಯಪ್ ಪ್ರೊಕ್ರಿಯೇಟ್ ಎಷ್ಟು ಹೊಂದುತ್ತದೆ ಎಂಬುದಷ್ಟೇ ಈ ವಿಮರ್ಶೆ.

ಟಾಸ್ಮೇನಿಯಾದ ಸ್ಯಾವೇಜ್ ಇಂಟರಾಕ್ಟಿವ್ 2011ರಲ್ಲಿ ಹೊರತಂದ ಆ್ಯಪ್ ಇದು. ಒಮ್ಮೆ ಕೊಂಡರಾಯಿತು, ಚಂದಾ ಇಲ್ಲ. ಕೆಲಸ ಕಡಿಮೆಯಾದ ತಿಂಗಳು ಮೊದಲು ಕತ್ತರಿ ಬೀಳುವುದು ಚಂದಾಗಳಿಗೇ ಆದ್ದರಿಂದ ಇದು ಸಣ್ಣ ಅನುಕೂಲವಲ್ಲ. ಎಷ್ಟು ಹಿಗ್ಗಿಸಿದರೂ ಮಸುಕಾಗದ ವೆಕ್ಟರ್ ಗೆರೆ ಇಲ್ಲ, ಒಂದೇ ಫೈಲಿನಲ್ಲಿ ಹಲವು ಹಾಳೆ ಇಡುವ ಆರ್ಟ್‌ಬೋರ್ಡ್ ಇಲ್ಲ, ಎಲ್ಲವೂ ಪಿಕ್ಸೆಲ್. ಬ್ರ್ಯಾಂಡಿಂಗ್ ಕೆಲಸಕ್ಕೆ ಇದು ದೊಡ್ಡ ಕೊರತೆ. ಸ್ವಂತ ಕೆಲಸಕ್ಕೆ ಅದೇ ಬೇಲಿಯಾಗುತ್ತದೆ: ಕ್ಲೈಂಟ್‌ನ ಲೋಗೋವನ್ನು ಇಲ್ಲಿಗೆ ತಂದು ತಿದ್ದುವ ಚಪಲ ತಾನಾಗಿಯೇ ಹುಟ್ಟುವುದಿಲ್ಲ.

ಹೆಚ್ಚಿನವರು ಎಡವುವುದು ಕ್ಯಾನ್ವಾಸ್ ತೆರೆಯುವ ಹೊತ್ತಿನಲ್ಲೇ. ಪರದೆಯ ಅಳತೆಯಲ್ಲಿ ಶುರುಮಾಡಿದ ಗೀಚುಚಿತ್ರ ಚೆನ್ನಾಗಿ ಬಂದು, ಪ್ರಿಂಟ್ ಮಾಡಬೇಕೆನಿಸಿದಾಗ ಹಿಗ್ಗಿಸಿದರೆ ಅಂಚುಗಳು ಮಸುಕಾಗುತ್ತವೆ. ಹಾಗಾಗಿ ಗೀಚಾಟಕ್ಕೂ 300 ಡಿಪಿಐ (ಇಂಚಿಗೆ 300 ಚುಕ್ಕಿ) ಎ4, ಅಂದರೆ 2480×3508 ಪಿಕ್ಸೆಲ್ ಇಟ್ಟುಕೊಳ್ಳುವುದು ಕ್ಷೇಮ. ಎ3ಗೆ ಹೋದರೆ ಪಿಕ್ಸೆಲ್‌ಗಳು ಎರಡರಷ್ಟಾಗಿ, ಸಿಗುವ ಲೇಯರ್‌ಗಳ (ಒಂದರ ಮೇಲೊಂದು ಇಟ್ಟ ಪಾರದರ್ಶಕ ಹಾಳೆಗಳಂಥ ಪದರಗಳ) ಸಂಖ್ಯೆ ಇಳಿಯುತ್ತದೆ. ಲೇಯರ್ ಮಿತಿಯನ್ನು ನಿರ್ಧರಿಸುವುದು ಕ್ಯಾನ್ವಾಸ್‌ನ ಅಳತೆ ಮತ್ತು ಐಪ್ಯಾಡ್‌ನ ರ್‍ಯಾಮ್. ಕಸ್ಟಮ್ ಕ್ಯಾನ್ವಾಸ್ ಪರದೆಯಲ್ಲಿ ಗರಿಷ್ಠ ಸಂಖ್ಯೆ ಮೊದಲೇ ಕಾಣಿಸುತ್ತದೆ. ನೋಡದೆ ಮುಂದೆ ಹೋದವರು ಅರ್ಧ ಚಿತ್ರದಲ್ಲಿ ಲೇಯರ್ ಮುಗಿದು, ಇದ್ದವನ್ನೇ ಒಂದಕ್ಕೊಂದು ಬೆಸೆಯುತ್ತ ಕೂರಬೇಕಾಗುತ್ತದೆ.

ಬಣ್ಣದ ಕಥೆಯೂ ಅಲ್ಲೇ ತೀರ್ಮಾನವಾಗುತ್ತದೆ. ಪರದೆಯ ಬಣ್ಣಕ್ರಮವಾದ ಆರ್‌ಜಿಬಿಯಲ್ಲಿ ಆರಂಭಿಸಿದ ಕ್ಯಾನ್ವಾಸನ್ನು ಆಮೇಲೆ ಮುದ್ರಣದ ಸಿಎಂವೈಕೆಗೆ ಬದಲಿಸಲಾಗದು. ಹೆಚ್ಚು ಬಣ್ಣ ಹಿಡಿಯುವ ಡಿಸ್‌ಪ್ಲೇ ಪಿ3 ಪ್ರೊಫೈಲ್‌ನಲ್ಲಿ ಐಪ್ಯಾಡ್ ಮೇಲೆ ಉರಿಯುವ ಕಿತ್ತಳೆ, ಸಾಮಾನ್ಯ ಎಸ್‌ಆರ್‌ಜಿಬಿ ಪರದೆಯಲ್ಲಿ ಕಳೆಗುಂದುತ್ತದೆ. ಆನ್‌ಲೈನ್‌ಗೆ ಹಾಕುವುದೇ ಗುರಿಯಾದರೆ ಮೊದಲಿನಿಂದಲೇ ಎಸ್‌ಆರ್‌ಜಿಬಿ ಆರಿಸಿ.

ಎರಡು ಬೆರಳು ತಟ್ಟಿದರೆ ಒಂದು ಹೆಜ್ಜೆ ಹಿಂದೆ, ಮೂರು ಬೆರಳು ತಟ್ಟಿದರೆ ಮುಂದೆ. 250 ಹೆಜ್ಜೆಯವರೆಗೆ ಹಿಂದಕ್ಕೆ ಹೋಗಬಹುದು, ಆದರೆ ಗ್ಯಾಲರಿಗೆ ಮರಳಿದ ಕ್ಷಣ ಆ ಇತಿಹಾಸ ಅಳಿಸಿಹೋಗುತ್ತದೆ. ಫೈಲು ಮುಚ್ಚುವ ಮುನ್ನ ಅನುಮಾನದ ಲೇಯರನ್ನು ನಕಲು ಮಾಡಿಟ್ಟುಕೊಳ್ಳುವುದೊಂದೇ ದಾರಿ.

ಚಿತ್ರ ಮೂಡುವುದನ್ನು ವೇಗವಾಗಿ ತೋರಿಸುವ ಟೈಮ್‌ಲ್ಯಾಪ್ಸ್ ರೆಕಾರ್ಡಿಂಗ್ ತಾನಾಗಿಯೇ ನಡೆಯುತ್ತಿರುತ್ತದೆ. 30 ಸೆಕೆಂಡಿನ ತುಣುಕಾಗಿ ತೆಗೆದು ಪೋರ್ಟ್‌ಫೋಲಿಯೋಗೆ ಹಾಕಬಹುದು. ವೀಡಿಯೋದ ಗುಣಮಟ್ಟವನ್ನು ಮಾತ್ರ ಕ್ಯಾನ್ವಾಸ್ ತೆರೆಯುವಾಗಲೇ ಆರಿಸಬೇಕು. ರೆಕಾರ್ಡಿಂಗ್ ನಿಲ್ಲಿಸುವಾಗ ‘ಪರ್ಜ್’ ಒತ್ತಿದರೆ ಅಲ್ಲಿಯವರೆಗಿನ ವೀಡಿಯೋ ಹೋದಂತೆಯೇ.

ಇನ್ನು ದೊಡ್ಡ ದೋಷ. ಚಿತ್ರಗಳೆಲ್ಲ ಆ್ಯಪ್‌ನ ಹೊಟ್ಟೆಯೊಳಗೇ ಇರುತ್ತವೆ. ಆ್ಯಪ್ ಅಳಿಸಿದರೆ ಅವೂ ಹೋಗುತ್ತವೆ. ಕ್ಲೈಂಟ್ ಫೈಲಿಗೆ ಮೂರು ಕಡೆ ಪ್ರತಿ ಇಡುವವರೂ ಸ್ವಂತ ಕೆಲಸದ ವಿಷಯದಲ್ಲಿ ಮೈಮರೆಯುತ್ತಾರೆ. ವಾರಕ್ಕೊಮ್ಮೆ ಗ್ಯಾಲರಿಯಲ್ಲಿ ‘ಸೆಲೆಕ್ಟ್’ ಒತ್ತಿ, ಹೊಸ ಚಿತ್ರಗಳನ್ನು ಆರಿಸಿ, ‘ಶೇರ್’ ಮೂಲಕ ಪ್ರೊಕ್ರಿಯೇಟ್ ಫಾರ್ಮ್ಯಾಟ್‌ನಲ್ಲಿ ಹೊರಗಿನ ಡ್ರೈವ್‌ಗೆ ಕಳಿಸಿ. ಫೋಟೋಶಾಪ್‌ನ ಪಿಎಸ್‌ಡಿ ಪ್ರತಿಯಲ್ಲಿ ಲೇಯರ್‌ಗಳು ಉಳಿಯುತ್ತವೆ, ಟೈಮ್‌ಲ್ಯಾಪ್ಸ್ ಉಳಿಯುವುದಿಲ್ಲ.

ಸ್ವಂತಕ್ಕೆಂದು ಬರೆದ ಅಕ್ಷರವೊಂದನ್ನು ಕ್ಲೈಂಟ್ ಮೆಚ್ಚಿ, ಲೋಗೋಗೆ ಬೇಕೆಂದರೆ? ಒರಟು ಬ್ರಷ್‌ನ ಗೆರೆಯನ್ನು ಪಿಕ್ಸೆಲ್ ಚಿತ್ರವನ್ನು ವೆಕ್ಟರ್ ಮಾಡುವ ಇಲಸ್ಟ್ರೇಟರ್‌ನ ಇಮೇಜ್ ಟ್ರೇಸ್‌ಗೆ ಕೊಟ್ಟರೆ ಪ್ರತಿ ಕಣದ ಅಂಚಿಗೂ ಗೆರೆಯನ್ನು ಹಿಡಿದಿಡುವ ಆಂಕರ್ ಪಾಯಿಂಟ್ ಬಿದ್ದು ಫೈಲು ಮಿಸುಕಾಡದಂತಾಗುತ್ತದೆ. ಮೊನೊಲೈನ್‌ನಂಥ ನಯವಾದ ಬ್ರಷ್‌ನಲ್ಲಿ, ಅಚ್ಚ ಕಪ್ಪಿನಲ್ಲಿ, 600 ಡಿಪಿಐ ಕ್ಯಾನ್ವಾಸ್ ಮೇಲೆ ಮತ್ತೆ ಬರೆದು, ಹಿನ್ನೆಲೆ ತೆಗೆದ ಪಿಎನ್‌ಜಿಯನ್ನು ಟ್ರೇಸ್ ಮಾಡಿದರೆ ಪಾಯಿಂಟ್‌ಗಳು ಹಿಡಿತದಲ್ಲಿರುತ್ತವೆ. ಅದಕ್ಕಿಂತ ಚೊಕ್ಕದ ದಾರಿಯೆಂದರೆ ಚಿತ್ರವನ್ನು ಕೆಳಗಿಟ್ಟು ಪೆನ್ ಟೂಲ್‌ನಲ್ಲಿ ಕೈಯಾರೆ ಎಳೆಯುವುದು. ಹೇಗೇ ಮಾಡಿದರೂ ಅದು ಹೊಸ ಕೆಲಸ. ಬಿಲ್ಲಿನಲ್ಲಿ ಬೇರೆ ಸಾಲಾಗಿಯೇ ಬರಬೇಕು. (ಆಯ್ಕೆಯಾಗದ ಕರಡುಗಳ ಹಕ್ಕು ಡಿಸೈನರ್‌ನದೇ ಎಂಬ ವಾಕ್ಯ ಕರಾರಿನಲ್ಲಿ ಇದೆಯೇ ಎಂದೂ ಆಗಲೇ ನೋಡಿಕೊಳ್ಳಿ.)

ಒಂದು ಕೊರತೆ ಪ್ರೊಕ್ರಿಯೇಟ್‌ನದಲ್ಲ, ಐಪ್ಯಾಡ್‌ನದು: ಅದರೊಳಗೂ ಮೇಲ್ ಬರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಹೊಸ ‘ಫೋಕಸ್’ ಒಂದನ್ನು ಮಾಡಿ, ಅದರ ಶೆಡ್ಯೂಲ್‌ನಲ್ಲಿ ಸಮಯದ ಬದಲು ಆ್ಯಪ್ ಆರಿಸಿ ಪ್ರೊಕ್ರಿಯೇಟ್ ಸೇರಿಸಿದರೆ, ಚಿತ್ರ ತೆರೆದೊಡನೆ ಸೂಚನೆಗಳು ನಿಲ್ಲುತ್ತವೆ. ಮನಸ್ಸಿನ ಮೇಲೆ ಅಷ್ಟೂ ನಂಬಿಕೆ ಇಲ್ಲದವರಿಗೆ ‘ಗೈಡೆಡ್ ಆಕ್ಸೆಸ್’ ಇದೆ. ಮೇಲಿನ ಗುಂಡಿಯನ್ನು (ಹೋಮ್ ಗುಂಡಿ ಇರುವ ಐಪ್ಯಾಡ್ ಆದರೆ ಹೋಮ್ ಗುಂಡಿಯನ್ನು) ಮೂರು ಸಲ ಒತ್ತಿ ಅದನ್ನು ಶುರುಮಾಡಿದರೆ, ಪಾಸ್‌ಕೋಡ್ ಕೊಡುವವರೆಗೆ ಬೇರೆ ಆ್ಯಪ್‌ಗೆ ದಾರಿಯೇ ಇರುವುದಿಲ್ಲ.