ಮತ್ತೆ ಬಾಯಿಗೆ ಬಂದ ಫ್ರೆಂಚ್
ಫ್ರೆಂಚ್ ಭಾಷೆಯ ಮಧ್ಯಮ ಹಂತದ ಪರೀಕ್ಷೆ ಡೆಲ್ಫ್ ಬಿ1 ಪಾಸಾಗಿ ಆರು ವರ್ಷ ಆಗಿತ್ತು, ಓದಿದರೆ ಅರ್ಥವಾಗುತ್ತಿತ್ತು, ಮಾತಾಡಲು ಹೋದರೆ ಮಾತ್ರ ನಾಲಿಗೆಯೇ ಹೊರಳುತ್ತಿರಲಿಲ್ಲ. ಹಾಗಾಗಿ ಈ ಆನ್‌ಲೈನ್ ಮಾತುಕತೆ ಕ್ಲಾಸಿಗೆ ಸೇರಿದೆ. ವಾರಕ್ಕೆರಡು ಸಲ, ಅರ್ಧ ಗಂಟೆ.

ಟೀಚರ್ ಮಧ್ಯೆ ತಡೆದು ತಿದ್ದುವುದಿಲ್ಲ, ತಪ್ಪುಗಳನ್ನು ಬರೆದಿಟ್ಟುಕೊಂಡು ಕೊನೆಗೆ ಹೇಳುತ್ತಾರೆ. ನನಗೆ ಧೈರ್ಯ ಬಂದಿದ್ದೇ ಇದರಿಂದ. ಮೊದಲ ದಿನ 97 ಹೇಳಲು ಹೋಗಿ ಸಿಕ್ಕಿಬಿದ್ದೆ. ಫ್ರಾನ್ಸಿನವರಿಗೆ ಅದು 'ನಾಲ್ಕು ಇಪ್ಪತ್ತು ಹದಿನೇಳು' ಅಲ್ವಾ, ಲೆಕ್ಕ ಹಾಕುವಷ್ಟರಲ್ಲಿ ಹೇಳಬೇಕಾದ ಮಾತೇ ಮರೆತುಹೋಯಿತು (ಬೆಲ್ಜಿಯಂನವರು 90ಕ್ಕೆ ನೊನಾಂತ್ ಅಂದು ಆರಾಮಾಗಿದ್ದಾರೆ). ಟೀಚರ್ ನಗಲಿಲ್ಲ, ಸುಮ್ನೆ ಕಾದರು. ಎರಡು ತಿಂಗಳಾದ ಮೇಲೆ ಪುಸ್ತಕದ 'ಜ ನ ಸೆ ಪಾ' (ನನಗೆ ಗೊತ್ತಿಲ್ಲ) ಬದಲು ಮಾತಿನ 'ಶೆ ಪಾ' ತಾನಾಗೇ ಬಂತು.

ಬೇಜಾರಿನ ವಿಷಯ ಒಂದೇ, ಕ್ಲಾಸಿನ ಸಮಯ ಬದಲಾಯಿಸುವುದು ದೊಡ್ಡ ತಲೆನೋವು.